ಸಾಕೋ, ಸಾಲದೋ: ರೂಪಾಯಿಯೇ ಕೊಡದ ಲಾಭದ ಲೆಕ್ಕ

ತುಂಗಾತೀರ
ಗ್ರಾಮೀಣ ಬ್ಯಾಂಕ್ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೇನೆ. ಬಿ.ಕಾಂ. ಮುಗಿಸಿದವಳು, ಲಾಭ-ನಷ್ಟ ನನಗೆ ಹೊಸದೇನಲ್ಲ. ಆದರೂ ನಿನ್ನೆ ಬರೆದ ಅಣಕು ಪರೀಕ್ಷೆಯಲ್ಲಿ ದತ್ತಾಂಶ ಸಮರ್ಪಕತೆಯ (ಉತ್ತರವನ್ನಲ್ಲ, ಕೊಟ್ಟ ಎರಡು ಹೇಳಿಕೆಗಳಲ್ಲಿ ಯಾವುದು ಉತ್ತರಕ್ಕೆ ಸಾಕು ಎಂಬುದನ್ನಷ್ಟೇ ಗುರುತಿಸಬೇಕಾದ) ಐದು ಪ್ರಶ್ನೆಗಳಲ್ಲಿ ನಾಲ್ಕು ತಪ್ಪಾದವು. ಐದೂ ವರಮಾನ, ವೆಚ್ಚ, ಲಾಭದ ಮೇಲೆಯೇ ಇದ್ದವು. ಮೂರನ್ನು ಹೇಗೋ ಅರ್ಥ ಮಾಡಿಕೊಂಡೆ. ಈ ಒಂದು ಮಾತ್ರ ರಾತ್ರಿಯಿಡೀ ಕಾಡಿದೆ:

ಒಂದು ಕಂಪನಿಯ ಲಾಭ ಕಳೆದ ವರ್ಷಕ್ಕಿಂತ ಈ ವರ್ಷ ಶೇಕಡಾ ಎಷ್ಟು ಹೆಚ್ಚಾಯಿತು?
ಹೇಳಿಕೆ 1: ಈ ವರ್ಷ ವರಮಾನ ಶೇ 20ರಷ್ಟು, ವೆಚ್ಚ ಶೇ 10ರಷ್ಟು ಹೆಚ್ಚಾಯಿತು.
ಹೇಳಿಕೆ 2: ಕಳೆದ ವರ್ಷದ ವೆಚ್ಚ ಆ ವರ್ಷದ ವರಮಾನದ ಶೇ 80ರಷ್ಟಿತ್ತು.

‘ಎರಡೂ ಸೇರಿದರೂ ಸಾಲದು’ ಎಂದು ಗುರುತು ಹಾಕಿದೆ. ಹುಡುಕಿದರೂ ಒಂದು ರೂಪಾಯಿಯ ಅಂಕಿ ಇಲ್ಲ. ವರಮಾನ ಲಕ್ಷವೋ ಕೋಟಿಯೋ ತಿಳಿಯದೆ ಲಾಭ ಹೇಗೆ ಹೇಳುವುದು? ಆದರೆ ಅವರ ಉತ್ತರ ‘ಎರಡೂ ಸೇರಿದರೆ ಸಾಕು’. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಅದಕ್ಕೇ ಕೇಳುತ್ತಿದ್ದೇನೆ. ಉತ್ತರ ಪಟ್ಟಿ ತಪ್ಪೇ, ನಾನು ತಪ್ಪೇ?

ಒಂದೇಸಾಲು
ಅವರು ರೂಪಾಯಿ ಕೇಳಿಯೇ ಇಲ್ಲ, ಶೇಕಡಾ ಕೇಳಿದ್ದಾರೆ.

ಹಳೆ ಕರಿಹಲಗೆ
ತುಂಗಾತೀರ ಅವರೇ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು ನಾನು. ಉತ್ತರ ಪಟ್ಟಿ ಸರಿಯಾಗಿದೆ. ನಿಮಗೆ ಲೆಕ್ಕ ಬರುತ್ತದೆ, ಪ್ರಶ್ನೆಯನ್ನು ಅವಸರದಲ್ಲಿ ಓದಿದ್ದೀರಿ. ‘ಶೇಕಡಾ ಎಷ್ಟು’ ಎಂಬುದರ ಕೆಳಗೆ ಒಂದು ಗೆರೆ ಎಳೆದು ಮತ್ತೆ ಓದಿ.

ಕಳೆದ ವರ್ಷದ ವರಮಾನ 100 ಎಂದುಕೊಳ್ಳಿ. ಎರಡನೆಯ ಹೇಳಿಕೆಯಂತೆ ವೆಚ್ಚ 80, ಲಾಭ 20. ಮೊದಲನೆಯದರಂತೆ ಈ ವರ್ಷ ವರಮಾನ 120, ವೆಚ್ಚ 88, ಲಾಭ 32. ಇಪ್ಪತ್ತು ಇದ್ದದ್ದು ಮೂವತ್ತೆರಡಾಯಿತು; ಶೇ 60 ಏರಿಕೆ. ಈಗ ಅದೇ ವರಮಾನವನ್ನು 500 ಕೋಟಿ ಮಾಡಿ. ಲಾಭ 100 ಕೋಟಿ. ಈ ವರ್ಷ 600ರಲ್ಲಿ 440 ಕಳೆದರೆ 160 ಕೋಟಿ. ಮತ್ತೆ ಶೇ 60. ರೂಪಾಯಿ ಎಷ್ಟಾದರೂ ಆಗಲಿ, ಉತ್ತರ ಕದಲುವುದಿಲ್ಲ.

ಮೊದಲನೆಯ ಹೇಳಿಕೆ ಒಂದೇ ಇದ್ದರೆ ಏಕೆ ಸಾಲದು ಎಂಬುದನ್ನೂ ನೋಡಿಬಿಡಿ. ಕಳೆದ ವರ್ಷದ ವೆಚ್ಚ 80ರ ಬದಲು 50 ಇತ್ತು ಎನ್ನಿ. ಲಾಭ 50. ಈ ವರ್ಷ 120ರಲ್ಲಿ 55 ಹೋಗಿ 65. ಏರಿಕೆ ಶೇ 30 ಮಾತ್ರ. ಒಂದೇ ಹೇಳಿಕೆಗೆ 60 ಕೂಡ ಬಂತು, 30 ಕೂಡ ಬಂತು. ಎರಡು ಉತ್ತರ ಹುಟ್ಟಿದ ಕ್ಷಣವೇ ‘ಸಾಲದು’ ಎಂದು ಬರೆದು ಮುಂದಕ್ಕೆ ಹೋಗಬೇಕು.

ತುಂಗಾತೀರ
ಮೇಷ್ಟ್ರೇ, ಈಗ ಕಣ್ಣಿಗೆ ಕಟ್ಟಿದಂತಾಯಿತು. ಹಾಗಾದರೆ ಶೇಕಡಾ ಕೇಳಿದಾಗಲೆಲ್ಲ 100 ಎಂದುಕೊಂಡು ಲೆಕ್ಕ ಮಾಡಿದರೆ ಆಯಿತೇ?

ಬಯಲುಸೀಮೆ
ಆಗುವುದಿಲ್ಲ! ಇದನ್ನು ಕಣ್ಣುಮುಚ್ಚಿ ನಂಬಿ ನಾನು ಎರಡು ವರ್ಷ ಪೆಟ್ಟು ತಿಂದಿದ್ದೇನೆ. ಧಾರವಾಡದ ಸಪ್ತಾಪುರದಲ್ಲಿ ಕೊಠಡಿ ಹಿಡಿದು ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದೇನೆ. ಅಲ್ಲಿ ಪೂರ್ವಭಾವಿಯ ಎರಡನೆಯ ಪತ್ರಿಕೆಯಲ್ಲಿ 80 ಪ್ರಶ್ನೆ, ಒಂದೊಂದಕ್ಕೆ ಎರಡೂವರೆ ಅಂಕ, ತಪ್ಪಿದರೆ ಅದರ ಮೂರನೆಯ ಒಂದು ಭಾಗ ಕಡಿತ. 2015ರಿಂದ ಅದರಲ್ಲಿ ಶೇ 33 ಬಂದರೆ ಸಾಕು. ಆದರೆ ಆ ಶೇ 33ಕ್ಕೇ ಎಡವಿ ಮನೆಗೆ ಹೋದವರನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ.

ಮೇಷ್ಟ್ರು ಹೇಳಿದ ಲೆಕ್ಕಕ್ಕೆ ಒಂದೇ ಒಂದು ಸಾಲು ಸೇರಿಸುತ್ತೇನೆ. ಕಳೆದ ವರ್ಷ ಸಾಮಗ್ರಿಯ ವೆಚ್ಚ ವರಮಾನದ ಶೇ 60. ಅದರ ಮೇಲೆ ಬಾಡಿಗೆ 5,000 ರೂಪಾಯಿ, ಎರಡೂ ವರ್ಷ ಅಷ್ಟೇ. ಈ ವರ್ಷ ವರಮಾನ ಶೇ 20, ಸಾಮಗ್ರಿ ವೆಚ್ಚ ಶೇ 10 ಏರಿತು. ಲಾಭ ಶೇಕಡಾ ಎಷ್ಟು ಏರಿತು?

ವರಮಾನ 50,000 ಆಗಿದ್ದರೆ ಹಳೆಯ ಲಾಭ 15,000, ಹೊಸದು 22,000. ಏರಿಕೆ ಸುಮಾರು ಶೇ 47. ವರಮಾನ 20,000 ಆಗಿದ್ದರೆ ಹಳೆಯ ಲಾಭ 3,000, ಹೊಸದು 5,800. ಏರಿಕೆ ಶೇ 93ಕ್ಕೂ ಮಿಕ್ಕಿ. ವರಮಾನ 10,000 ಆಗಿದ್ದರೆ ಕಳೆದ ವರ್ಷ ಲಾಭವೇ ಇಲ್ಲ, ಸಾವಿರ ರೂಪಾಯಿ ಕೈ ಕಚ್ಚಿದೆ. ಎಲ್ಲಿ ಹೋಯಿತು ನಿಮ್ಮ ನೂರು?

ಹಳೆ ಕರಿಹಲಗೆ
ಬಯಲುಸೀಮೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನೇ ಹೇಳಬೇಕಿತ್ತು. ಎಲ್ಲವೂ ಒಂದರ ಭಾಗವಾಗಿ ಇನ್ನೊಂದು ಎಂದು ಕಟ್ಟಿಕೊಂಡಿರುವಾಗ ಮಾತ್ರ 100 ಹಿಡಿಯಬಹುದು. ನಡುವೆ ಒಂದು ಗಟ್ಟಿ ರೂಪಾಯಿ, ಬಾಡಿಗೆಯೋ ಸಂಬಳವೋ ಬಂದು ಕುಳಿತರೆ ಆ ಕಟ್ಟು ಸಡಿಲವಾಗುತ್ತದೆ. ಆಗ ವರಮಾನದ ನಿಜವಾದ ಅಂಕಿ ಬೇಕೇ ಬೇಕು.

ಒಂದೇಸಾಲು
ಎಂದರೆ ಶೇಕಡಾ ಕೇಳಿದರೆ ಪ್ರಮಾಣ ಸಾಕು, ರೂಪಾಯಿ ಕೇಳಿದರೆ ಒಂದಾದರೂ ರೂಪಾಯಿ ಬೇಕು, ಎರಡೂ ಬೆರೆತರೆ ಎಚ್ಚರ.

ಲೆಕ್ಕಪತ್ರ
ಮಂಗಳೂರಿನಲ್ಲಿ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ‘ಒಂದಾದರೂ ರೂಪಾಯಿ ಬೇಕು’ ಎಂಬ ಮಾತಿಗೆ ಒಂದು ಪ್ರಶ್ನೆ. ಬಿ.ಕಾಂ. ಓದಿದವರು ಮೊದಲು ಉತ್ತರಿಸಲಿ.

ಅಂಗಡಿಯ ಲಾಭ ಎಷ್ಟು ರೂಪಾಯಿ?
ಹೇಳಿಕೆ 1: ಲಾಭವು ವೆಚ್ಚದ ಶೇ 25.
ಹೇಳಿಕೆ 2: ಲಾಭವು ವರಮಾನದ ಶೇ 20.

ತುಂಗಾತೀರ
ರೂಪಾಯಿ ಇಲ್ಲ, ಆದ್ದರಿಂದ ಸಾಲದು. ಆದರೆ ಮನಸ್ಸು ಒಪ್ಪುತ್ತಿಲ್ಲ. ವೆಚ್ಚ, ವರಮಾನ ಎರಡೇ ಗೊತ್ತಿಲ್ಲದ ಸಂಖ್ಯೆಗಳು, ಎರಡು ಸಮೀಕರಣಗಳಿವೆ. ಬಿಡಿಸಲು ಆಗಬೇಕಲ್ಲವೇ?

ಲೆಕ್ಕಪತ್ರ
ಆ ಅನುಮಾನ ಬರಲೆಂದೇ ಕೇಳಿದ್ದು. ವೆಚ್ಚ 4 ಪಾಲು ಇದ್ದರೆ ಅದರ ಶೇ 25 ಎಂದರೆ ಲಾಭ 1 ಪಾಲು. ವರಮಾನ 5 ಪಾಲು. ಐದರಲ್ಲಿ ಒಂದು ಎಂದರೆ ಶೇ 20. ಎರಡನೆಯ ಹೇಳಿಕೆ ಮೊದಲನೆಯದನ್ನೇ ಬೇರೆ ಅಂಗಿ ತೊಡಿಸಿ ನಿಲ್ಲಿಸಿದೆ. ಎರಡು ಸಾಲು ಇದೆ, ಸುದ್ದಿ ಒಂದೇ. ಪ್ರಶ್ನೆ ‘ಲಾಭಕ್ಕೂ ವೆಚ್ಚಕ್ಕೂ ಇರುವ ಪ್ರಮಾಣವೇನು’ ಎಂದಾಗಿದ್ದರೆ ಯಾವುದಾದರೊಂದೇ ಸಾಕಾಗುತ್ತಿತ್ತು. ರೂಪಾಯಿ ಕೇಳಿದ್ದರಿಂದ ಎರಡೂ ಸೇರಿದರೂ ಸಾಲದು. ‘ಎರಡು ಗೊತ್ತಿಲ್ಲ, ಎರಡು ಸಮೀಕರಣ ಇದೆ, ಮುಗಿಯಿತು’ ಎನ್ನುವ ಅಭ್ಯಾಸವೇ ಹೆಚ್ಚು ಅಂಕ ಕಳೆಯುವುದು.

ಇನ್ನೊಂದು ಮಾತು. ಶಾಲೆಯ ಪುಸ್ತಕದಲ್ಲಿ ಶೇಕಡಾ ಲಾಭ ಎಂದರೆ ಕೊಂಡ ಬೆಲೆಯ ಮೇಲೆ. ಕಂಪನಿಗಳ ವಾರ್ಷಿಕ ವರದಿಯಲ್ಲಿ ಲಾಭದ ಪ್ರಮಾಣ ಎಂದರೆ ವರಮಾನದ ಮೇಲೆ. ಪ್ರಶ್ನೆ ಯಾವುದರ ಮೇಲೆ ಎಂದು ಹೇಳದಿದ್ದರೆ ಕೊಂಡ ಬೆಲೆ ಎಂದೇ ಹಿಡಿಯಿರಿ. ಆದರೆ ‘ವರಮಾನದ’ ಎಂಬ ಮಾತು ಇದ್ದರೆ ಅದನ್ನು ನುಂಗಬೇಡಿ.

ಮಲೆನಾಡಿನ ಮಳೆ
ಪದಗಳ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಾನು ಬಳಸುವ ಒಂದು ಅಣಕು ಪರೀಕ್ಷೆಯ ಆ್ಯಪ್‌ನಲ್ಲಿ ಕನ್ನಡ ಆರಿಸಿಕೊಂಡರೆ ‘ಅಂಗಡಿಯ ಒಟ್ಟು ಕಂದಾಯ ಎಷ್ಟು’ ಎಂದು ಕೇಳುತ್ತದೆ. ಮೊದಲ ಸಲ ಓದಿದಾಗ ಪಂಚಾಯಿತಿಗೆ ಕಟ್ಟುವ ತೆರಿಗೆ ಎಂದುಕೊಂಡು ಲೆಕ್ಕವನ್ನೇ ಬಿಟ್ಟೆ. ನೋಡಿದರೆ ಅದು ವರಮಾನ! ಯಂತ್ರದಿಂದ ಅನುವಾದ ಮಾಡಿಸಿ, ಕನ್ನಡ ಬಲ್ಲವರು ಒಬ್ಬರೂ ಓದದೆ ಹಾಗೆಯೇ ಹಾಕಿದ್ದಾರೆ. 2019ರಿಂದ ಗ್ರಾಮೀಣ ಬ್ಯಾಂಕ್ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶ ಸಿಕ್ಕಿದೆ. ಎಷ್ಟೋ ಜನ ಅದಕ್ಕಾಗಿ ಕೂಗಿ ಪಡೆದದ್ದು. ಅಭ್ಯಾಸದ ಸಾಮಗ್ರಿ ಹೀಗಿದ್ದರೆ ಹೊಟ್ಟೆ ಉರಿಯುತ್ತದೆ.

ಲೆಕ್ಕಪತ್ರ
ನೋವು ನ್ಯಾಯವಾದದ್ದು. ‘ಆದಾಯ’ ಎಂಬ ಪದದ್ದೂ ಇದೇ ಪಾಡು. ಕೆಲವರು ಮಾರಾಟದಿಂದ ಬಂದ ಒಟ್ಟು ಹಣಕ್ಕೆ ಆದಾಯ ಎನ್ನುತ್ತಾರೆ, ಕೆಲವರು ಖರ್ಚು ಕಳೆದು ಉಳಿದದ್ದಕ್ಕೆ. ಪ್ರಶ್ನೆಯಲ್ಲಿ ಆದಾಯವೂ ವೆಚ್ಚವೂ ಲಾಭವೂ ಒಟ್ಟಿಗೆ ಬಂದರೆ ಆದಾಯ ಎಂದರೆ ವರಮಾನ ಎಂದೇ ಓದಿ. ಅನುಮಾನ ಬಂದರೆ ಇಂಗ್ಲಿಷ್ ಆವೃತ್ತಿಯನ್ನು ಒಮ್ಮೆ ತೆರೆದು ನೋಡಿ.

ಬಯಲುಸೀಮೆ
ನಿಮಗೆ ಆ ಭಾಗ್ಯವಾದರೂ ಇದೆ. ನಾವು ಬರೆಯುವ ಪೂರ್ವಭಾವಿ ಪತ್ರಿಕೆ ಹಿಂದಿ, ಇಂಗ್ಲಿಷ್‌ನಲ್ಲಿ ಮಾತ್ರ.

ನಿರ್ವಾಹಕ
ಭಾಷೆಯ ಚರ್ಚೆಗೆ ಬೇರೆ ಎಳೆ ತೆರೆಯಬಹುದು. ಇಲ್ಲಿ ಲೆಕ್ಕ ಮುಂದುವರಿಯಲಿ.

ಕಡಲಾಚೆ
ಟೊರಾಂಟೊದಿಂದ ಬರೆಯುತ್ತಿದ್ದೇನೆ. ಎಂ.ಬಿ.ಎ. ಪ್ರವೇಶಕ್ಕೆ ಜಿಮ್ಯಾಟ್ ತಯಾರಿ ನಡೆದಿದೆ. 2023ರ ನವೆಂಬರ್‌ನಲ್ಲಿ ಬಂದ ಹೊಸ ಮಾದರಿಯಲ್ಲಿ ಈ ಪ್ರಶ್ನೆಗಳನ್ನು ಗಣಿತ ವಿಭಾಗದಿಂದ ತೆಗೆದು ದತ್ತಾಂಶ ವಿಶ್ಲೇಷಣೆಯ ಬೇರೆ ವಿಭಾಗಕ್ಕೆ ಸೇರಿಸಿದ್ದಾರೆ: 45 ನಿಮಿಷ, 20 ಪ್ರಶ್ನೆ. ಅಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೂಡ ಇರುತ್ತದೆ. ಆದರೆ ಇಂಥ ಪ್ರಶ್ನೆಗೆ ಅದನ್ನು ಮುಟ್ಟಿದರೆ ಸಮಯ ದಂಡ. ಶೇ 60 ಎಂದು ಕಂಡುಹಿಡಿಯುವ ಅಗತ್ಯವೇ ಇಲ್ಲವಲ್ಲ. ಕಂಡುಹಿಡಿಯಲು ಆಗುತ್ತದೆ ಎಂದು ಗೊತ್ತಾದರೆ ಮುಗಿಯಿತು.

ಎರಡು ಪರೀಕ್ಷೆ ಬರೆಯುವವರಿಗೆ ಒಂದು ಎಚ್ಚರಿಕೆ. ಜಿಮ್ಯಾಟ್‌ನಲ್ಲಿ ಐದು ಆಯ್ಕೆಗಳ ಕ್ರಮ ಎಂದೂ ಬದಲಾಗುವುದಿಲ್ಲ, ಮೂರನೆಯದು ‘ಎರಡೂ ಸೇರಿದರೆ ಸಾಕು’. ಭಾರತದ ಬ್ಯಾಂಕ್ ಪರೀಕ್ಷೆಗಳ ಪುಸ್ತಕಗಳಲ್ಲಿ ಮೂರನೆಯದು ಸಾಮಾನ್ಯವಾಗಿ ‘ಯಾವುದಾದರೊಂದು ಸಾಕು’. ನನ್ನ ತಮ್ಮ ನನ್ನ ಪುಸ್ತಕದಿಂದ ಕ್ರಮ ಬಾಯಿಪಾಠ ಮಾಡಿ ಬ್ಯಾಂಕ್ ಪರೀಕ್ಷೆಗೆ ಹೋಗಿ, ಗೊತ್ತಿದ್ದ ಎರಡು ಉತ್ತರಗಳನ್ನು ತಪ್ಪು ಗುಂಡಿಗೆ ಒತ್ತಿ ಬಂದ.

ಬಯಲುಸೀಮೆ
ನಮ್ಮಲ್ಲಿ ನಾಲ್ಕೇ ಆಯ್ಕೆ, ಅವುಗಳ ಮಾತೂ ಕ್ರಮವೂ ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ. ಪ್ರತಿ ಸಲ ಓದಲೇಬೇಕು.

ಕಡಲಾಚೆ
ಇನ್ನೊಂದು ಉಪಯೋಗದ ಸಂಗತಿ ಮರೆತೆ. ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಮೊದಲನೆಯದರಿಂದ ವೆಚ್ಚ 400 ಎಂದೂ ಎರಡನೆಯದರಿಂದ 350 ಎಂದೂ ಬಂದರೆ ನಾವು ಎಲ್ಲೋ ತಪ್ಪಿದ್ದೇವೆ ಎಂದೇ ಅರ್ಥ.

ಅಡಿಕೆತೋಟ
ನಾನು ಪರೀಕ್ಷೆ ಬರೆಯುವವನಲ್ಲ, ಮಗಳಿಗೆ ಹೇಳಿಕೊಡಲು ಓದುತ್ತಿದ್ದೇನೆ. ಒಂದು ಪ್ರಶ್ನೆಗೆ ಅವಳಿಗೂ ನನಗೂ ಜಗಳವಾಗಿದೆ. ಬಟ್ಟೆ ವ್ಯಾಪಾರಿಗೆ ಸೀರೆಯ ಮೇಲೆ ಲಾಭ ಬಂತೇ? ಹೇಳಿಕೆ 1: ಕೊಂಡ ಬೆಲೆಗಿಂತ ಶೇ 40 ಹೆಚ್ಚಿಸಿ ಬೆಲೆ ಚೀಟಿ ಅಂಟಿಸಿ, ಅದರ ಮೇಲೆ ಶೇ 30 ರಿಯಾಯಿತಿ ಕೊಟ್ಟು ಮಾರಿದನು. ಹೇಳಿಕೆ 2: ರಿಯಾಯಿತಿ 600 ರೂಪಾಯಿ.

ಅವಳು ಹೇಳುವುದು: ಸಾವಿರದ ಸೀರೆಗೆ 1,400 ಬರೆದು 980ಕ್ಕೆ ಕೊಟ್ಟ, ನಷ್ಟವಾಯಿತು, ಲಾಭ ಬರಲಿಲ್ಲ, ಆದ್ದರಿಂದ ಹೇಳಿಕೆ 1 ಸಾಲದು. ನಾನು ಹೇಳುವುದು: ಬರಲಿಲ್ಲ ಎಂದು ನಿನಗೆ ಗೊತ್ತಾಯಿತಲ್ಲ, ಮತ್ತೇನು ಬೇಕು?

ಹಳೆ ಕರಿಹಲಗೆ
ನೀವೇ ಸರಿ. ‘ಬಂತೇ’ ಎಂದು ಕೇಳಿದಾಗ ‘ಖಂಡಿತ ಇಲ್ಲ’ ಎಂಬುದೂ ಪೂರ್ತಿ ಉತ್ತರವೇ. ‘ಬಂದಿರಬಹುದು, ಬರದೆಯೂ ಇರಬಹುದು’ ಎಂದು ತೂಗಾಡಿದರೆ ಮಾತ್ರ ಸಾಲದು. ಸೀರೆ ಯಾವ ಬೆಲೆಯದ್ದಾದರೂ ಶೇ 2 ನಷ್ಟ ನಿಶ್ಚಿತ, ಹೇಳಿಕೆ 1 ಒಂದೇ ಸಾಕು. ನಲವತ್ತು ಏರಿಸಿ ಮೂವತ್ತು ಇಳಿಸಿದರೆ ಹತ್ತು ಉಳಿಯುತ್ತದೆ ಎಂದುಕೊಳ್ಳುವ ಮಕ್ಕಳೇ ಹೆಚ್ಚು. ನಿಮ್ಮ ಮಗಳು 980 ಎಂದು ಸರಿಯಾಗಿ ಹಿಡಿದಿದ್ದಾಳೆ, ಅರ್ಧ ದಾರಿ ಆಗಲೇ ನಡೆದಿದ್ದಾಳೆ.

ಅಡಿಕೆತೋಟ
ಮೇಷ್ಟ್ರೇ, ಅವಳಿಗೆ ಓದಿ ಹೇಳಿದೆ. ಹೋರಿಯ ಲೆಕ್ಕ ಕೇಳಿ ಎಂದು ನನಗೇ ಸವಾಲು ಹಾಕಿದಳು: ಎರಡು ಹೋರಿಗಳನ್ನು ಒಂದೇ ಬೆಲೆಗೆ ಮಾರಿ, ಒಂದರಲ್ಲಿ ಶೇ 20 ಲಾಭ, ಇನ್ನೊಂದರಲ್ಲಿ ಶೇ 20 ನಷ್ಟವಾದರೆ ಒಟ್ಟಿನಲ್ಲಿ ಏನು? ಅಸಲು ಗಿಟ್ಟಿತು ಎಂದೆ. ತಪ್ಪಂತೆ.

ಲೆಕ್ಕಪತ್ರ
ಒಂದೊಂದೂ 24,000ಕ್ಕೆ ಮಾರಾಟ ಎನ್ನಿ. ಲಾಭ ತಂದದ್ದರ ಅಸಲು 20,000, ನಷ್ಟ ತಂದದ್ದರ ಅಸಲು 30,000. ಹಾಕಿದ್ದು 50,000, ಬಂದದ್ದು 48,000. ಶೇ 4 ನಷ್ಟ. ನಷ್ಟ ಯಾವಾಗಲೂ ದುಬಾರಿ ಹೋರಿಯ ಮೇಲೆ ಬೀಳುತ್ತದೆ, ಅದಕ್ಕೇ ತಕ್ಕಡಿ ಆ ಕಡೆಗೆ ವಾಲುತ್ತದೆ. ಒಂದೇ ಬೆಲೆಗೆ ಕೊಂಡಿದ್ದರೆ ಮಾತ್ರ ನಿಮ್ಮ ಉತ್ತರ ಸರಿ. ಮಾರಿದ ಬೆಲೆ ಸಮವೋ, ಕೊಂಡ ಬೆಲೆ ಸಮವೋ ಎಂದು ಬೆರಳಿಟ್ಟು ಓದಬೇಕು.

ರೊಟ್ಟಿಮನೆ
ನಮಸ್ಕಾರ. ವಿಜಯಪುರದಲ್ಲಿ ಜೋಳದ ರೊಟ್ಟಿ ಕೇಂದ್ರ ನಡೆಸುತ್ತೇನೆ. ಮಗ ಓದುತ್ತಿದ್ದದ್ದನ್ನು ಪಕ್ಕದಲ್ಲಿ ಕುಳಿತು ಓದಿದೆ. ಬಾಡಿಗೆಯ ಮಾತು ಬಂದಲ್ಲಿ ನನ್ನ ಮನಸ್ಸು ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ರೊಟ್ಟಿ 10 ರೂಪಾಯಿಗೆ ಮಾರುತ್ತಿದ್ದೆ. ಹಿಟ್ಟು, ಗ್ಯಾಸ್, ಬಡಿಯುವ ಹೆಣ್ಣುಮಕ್ಕಳಿಗೆ ರೊಟ್ಟಿಗಿಷ್ಟು ಎಂದು ಕೊಡುವ ಕೂಲಿ ಸೇರಿ 7 ರೂಪಾಯಿ. ದಿನಕ್ಕೆ 600 ರೊಟ್ಟಿ ಹೋಗುತ್ತಿದ್ದವು. ಜೋಳದ ಬೆಲೆ ಏರುತ್ತದೆ ಎಂಬ ಭಯಕ್ಕೆ ರೊಟ್ಟಿಗೆ ಒಂದು ರೂಪಾಯಿ ಹೆಚ್ಚಿಸಿದೆ. ಮಾರಾಟ 540ಕ್ಕೆ ಇಳಿಯಿತು. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದರೆ 6,000 ಇರುತ್ತಿದ್ದ ಕಡೆ 5,940. ನನ್ನ ಮೈದುನ ‘ನೋಡಿ ವೈನಿ, ಬೆಲೆ ಏರಿಸಿ ಕಳೆದುಕೊಂಡಿರಿ, ಮೊದಲಿನಂತೆ ಮಾಡಿ’ ಎಂದು ಎಲ್ಲರೆದುರು ಹೇಳಿದ. ಕಳೆದುಕೊಂಡೆನೇ? ಬಾಡಿಗೆ ಎಷ್ಟು ಎಂದು ಬೇಕಾದರೆ ಹೇಳುತ್ತೇನೆ.

ಬಯಲುಸೀಮೆ
ಶೇ 10 ಏರಿಸಿ ಶೇ 10 ಇಳಿದರೆ ಯಾವಾಗಲೂ ಶೇ 1 ನಷ್ಟ ಅಕ್ಕಾ, ಇದು ಪಕ್ಕಾ ಸೂತ್ರ. ನಿಮ್ಮ ಮೈದುನ ಹೇಳಿದ್ದು ಸರಿ.

ಲೆಕ್ಕಪತ್ರ
ಬಯಲುಸೀಮೆ ಅವರೇ, ನಿಲ್ಲಿ. ಆ ಶೇ 1 ಇಳಿದದ್ದು ವರಮಾನ. ಅಕ್ಕ ಕೇಳಿದ್ದು ಲಾಭ.

ಮೊದಲು: ವರಮಾನ 6,000, ವೆಚ್ಚ 600 ಏಳಲಿ 4,200, ಉಳಿತಾಯ 1,800. ಈಗ: ವರಮಾನ 5,940, ವೆಚ್ಚ 540 ಏಳಲಿ 3,780, ಉಳಿತಾಯ 2,160. ದಿನಕ್ಕೆ 360 ರೂಪಾಯಿ ಹೆಚ್ಚು. ಅಕ್ಕಾ, ನೀವು ಕಳೆದುಕೊಂಡಿಲ್ಲ, ಗಳಿಸಿದ್ದೀರಿ. ಗಲ್ಲಾಪೆಟ್ಟಿಗೆಯಲ್ಲಿ ಅರವತ್ತು ರೂಪಾಯಿ ಕಡಿಮೆ ಬಂದದ್ದು ನಿಜ, ಆದರೆ ಅರವತ್ತು ರೊಟ್ಟಿಯ ಹಿಟ್ಟು, ಗ್ಯಾಸ್, ಕೂಲಿ 420 ರೂಪಾಯಿ ನಿಮ್ಮ ಕೈಯಲ್ಲೇ ಉಳಿಯಿತು. ಬಾಡಿಗೆ ಎಷ್ಟೇ ಇರಲಿ, ಎರಡೂ ದಿನ ಅಷ್ಟೇ. ಹೇಳುವ ಅಗತ್ಯವಿಲ್ಲ.

ಬಯಲುಸೀಮೆ
ತಪ್ಪು ಒಪ್ಪಿದೆ ಅಕ್ಕಾ, ಕ್ಷಮಿಸಿ. ಸೂತ್ರ ಕಂಡ ಕೂಡಲೇ ಪ್ರಶ್ನೆ ಮರೆತೆ. ಆದರೆ ಲೆಕ್ಕಪತ್ರ ಅವರೇ, ಬಾಡಿಗೆ ಬಂದರೆ ಲೆಕ್ಕ ಕೆಡುತ್ತದೆ ಎಂದು ನಾನೇ ಮೇಲೆ ತೋರಿಸಿದ್ದೆ. ಇಲ್ಲಿ ಏಕೆ ಕೆಡಲಿಲ್ಲ?

ಹಳೆ ಕರಿಹಲಗೆ
ಒಳ್ಳೆಯ ಪ್ರಶ್ನೆ. ನಿಮ್ಮ ಲೆಕ್ಕದಲ್ಲಿ ಕೇಳಿದ್ದು ಶೇಕಡಾ ಏರಿಕೆ. ಅದಕ್ಕೆ ಹಳೆಯ ಲಾಭದಿಂದ ಭಾಗಿಸಬೇಕು, ಹಳೆಯ ಲಾಭದೊಳಗೆ ಬಾಡಿಗೆ ಕುಳಿತಿದೆ. ಇಲ್ಲಿ ಕೇಳಿದ್ದು ಹೆಚ್ಚಾಯಿತೇ, ಎಷ್ಟು ರೂಪಾಯಿ ಹೆಚ್ಚಾಯಿತು ಎಂದು. ಹೊಸದರಿಂದ ಹಳೆಯದನ್ನು ಕಳೆಯುವಾಗ ಎರಡು ಬದಿಯ ಬಾಡಿಗೆ ಒಂದನ್ನೊಂದು ಹೊಡೆದು ಹಾಕುತ್ತದೆ.

ಇದನ್ನೇ ಇನ್ನೂ ಕೆದಕಿ ನೋಡಿದೆ, ಬಹಳ ಚೆಂದದ ಉತ್ತರ ಸಿಕ್ಕಿತು. ಬೆಲೆ ಶೇ 10 ಏರಿ ಮಾರಾಟ ಶೇ 10 ಇಳಿದಾಗ, ಒಂದು ರೊಟ್ಟಿಯ ವೆಚ್ಚ ಹಳೆಯ ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಸಾಕು, ಲಾಭ ಏರಿಯೇ ಏರುತ್ತದೆ. ಹತ್ತು ರೂಪಾಯಿಯ ರೊಟ್ಟಿಗೆ ಒಂದು ರೂಪಾಯಿಗಿಂತ ಹೆಚ್ಚು ಖರ್ಚು ಆಗಿಯೇ ಆಗುತ್ತದೆ. ಅಂದರೆ ಏಳು ರೂಪಾಯಿ ಎಂಬ ಅಂಕಿಯೂ ಬೇಕಿರಲಿಲ್ಲ. ‘ವೆಚ್ಚ ಒಂದು ರೂಪಾಯಿಗಿಂತ ಹೆಚ್ಚು’ ಎಂಬ ಒಂದೇ ಹೇಳಿಕೆಯಿಂದ ಅಕ್ಕನ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು.

ರೊಟ್ಟಿಮನೆ
ಮೇಷ್ಟ್ರೇ, ನೀವು ಬರೆದದ್ದನ್ನು ಮೈದುನನಿಗೆ ಓದಿಸಿದೆ. ಎರಡು ಸಲ ಓದಿ ಸುಮ್ಮನೆ ಎದ್ದು ಹೋಗಿ ಹಿಟ್ಟಿನ ಚೀಲ ಇಳಿಸಿದ. ಹನ್ನೊಂದು ರೂಪಾಯಿಯೇ ಇರಲಿ ಎಂದು ನಿರ್ಧರಿಸಿದ್ದೇವೆ.

ಮಲೆನಾಡಿನ ಮಳೆ
ಈ ಎಳೆಯಲ್ಲಿ ಇಷ್ಟು ಹೊತ್ತು ಓದಿದ್ದಕ್ಕೆ ಸಾರ್ಥಕವಾಯಿತು.

ಬಯಲುಸೀಮೆ
ಈಗ ನನ್ನ ಸರದಿ. ಪುಸ್ತಕದಂಗಡಿಯಲ್ಲಿ ನೋಟ್‌ಬುಕ್ 35 ರೂಪಾಯಿ, ಪೆನ್ 12 ರೂಪಾಯಿ. ಒಬ್ಬ ಗಿರಾಕಿ ಎಷ್ಟು ನೋಟ್‌ಬುಕ್ ಕೊಂಡನು?
ಹೇಳಿಕೆ 1: ಅವನಿಂದ ಬಂದ ವರಮಾನ 283 ರೂಪಾಯಿ.
ಹೇಳಿಕೆ 2: ನೋಟ್‌ಬುಕ್, ಪೆನ್ ಒಟ್ಟು 14.

ತುಂಗಾತೀರ
ಎರಡೂ ಸೇರಿದರೆ ಸಾಕು. 5 ನೋಟ್‌ಬುಕ್, 9 ಪೆನ್. ಇಲ್ಲಿ ಎರಡು ಸಮೀಕರಣ ನಿಜವಾಗಿಯೂ ಬೇರೆ ಬೇರೆ, ಪರೀಕ್ಷಿಸಿ ನೋಡಿದೆ.

ಬಯಲುಸೀಮೆ
ತಪ್ಪು. ಹೇಳಿಕೆ 1 ಒಂದೇ ಸಾಕು. ಅರ್ಧ ನೋಟ್‌ಬುಕ್ ಯಾರೂ ಕೊಳ್ಳುವುದಿಲ್ಲ. 283 ಬೆಸ, ಪೆನ್ನಿನ ಹಣ ಸದಾ ಸಮ, ಆದ್ದರಿಂದ ನೋಟ್‌ಬುಕ್ ಬೆಸವೇ ಆಗಬೇಕು. 1 ಆದರೆ 248 ಉಳಿಯುತ್ತದೆ, 3 ಆದರೆ 178, 7 ಆದರೆ 38. ಯಾವುದೂ ಹನ್ನೆರಡರಿಂದ ಭಾಗವಾಗುವುದಿಲ್ಲ. 5 ಆದರೆ 108, ಒಂಬತ್ತು ಪೆನ್. ಬೇರೆ ದಾರಿಯೇ ಇಲ್ಲ.

ಹಳೆ ಕರಿಹಲಗೆ
ಒಂದೊಂದಾಗಿ ಎಣಿಸದೆಯೂ ಇದನ್ನು ಕಾಣಬಹುದು. ಒಂದು ಉತ್ತರ ಸಿಕ್ಕಿತು ಎನ್ನಿ. ಒಟ್ಟು ಹಣ ಕೆಡದಂತೆ ಇನ್ನೊಂದು ಉತ್ತರ ಬೇಕೆಂದರೆ ನೋಟ್‌ಬುಕ್ ಕೊಟ್ಟು ಪೆನ್ ತೆಗೆದುಕೊಳ್ಳಬೇಕು. 35ಕ್ಕೂ 12ಕ್ಕೂ ಸಾಮಾನ್ಯ ಅಪವರ್ತನ ಇಲ್ಲದ್ದರಿಂದ ಅತಿ ಚಿಕ್ಕ ಅದಲುಬದಲು ಎಂದರೆ 12 ನೋಟ್‌ಬುಕ್‌ಗೆ 35 ಪೆನ್, ಎರಡೂ 420 ರೂಪಾಯಿ. ಕೈಯಲ್ಲಿರುವುದೇ 283. ಅದಲುಬದಲು ಮಾಡಲು ಸರಕೇ ಇಲ್ಲ. ಆದ್ದರಿಂದ ಮೊದಲ ಉತ್ತರವೇ ಕೊನೆಯ ಉತ್ತರ. ಬಿಲ್ಲು 420 ದಾಟಿದ್ದರೆ ಎರಡನೆಯ ಹೇಳಿಕೆ ಬೇಕಾಗಬಹುದಿತ್ತು.

ಪೂರ್ಣಾಂಕದ ಇಂಥ ಲೆಕ್ಕಗಳಿಗೆ ನಮ್ಮಲ್ಲಿ ಕುಟ್ಟಕ ಎಂಬ ಹೆಸರಿದೆ. ಆರ್ಯಭಟ ಐದನೆಯ ಶತಮಾನದ ಕೊನೆಯಲ್ಲೇ ವಿಧಾನ ಕೊಟ್ಟ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಅದನ್ನು ಹಣ್ಣು-ಹಂಪಲು, ಕೊಡು-ಕೊಳ್ಳುವಿಕೆಯ ಲೆಕ್ಕಗಳಿಗೆಲ್ಲ ಬಳಸಿ ವಿಸ್ತರಿಸಿದ. ನಮ್ಮ ನೆಲದಲ್ಲಿ ಸಾವಿರ ವರ್ಷದ ಹಿಂದೆ ಮಾಡಿದ ಲೆಕ್ಕ ಎಂದು ಮಕ್ಕಳಿಗೆ ಹೇಳಿದಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಒಂದೇಸಾಲು
‘ಎರಡೂ ಸೇರಿದರೆ ಸಾಕು’ ಎಂದು ಸುಲಭವಾಗಿ ಸಿಕ್ಕರೆ ಒಂದೇ ಸಾಕೇ ಎಂದು ಮತ್ತೆ ನೋಡುವುದು ಒಳ್ಳೆಯದು.

ತುಂಗಾತೀರ
ಎರಡು ದಿನದ ಮೇಲೆ ಬರೆಯುತ್ತಿದ್ದೇನೆ. ಹೊಸ ಅಣಕು ಪರೀಕ್ಷೆಯಲ್ಲಿ ಇದೇ ಬಗೆಯ ಐದರಲ್ಲಿ ನಾಲ್ಕು ಸರಿ. ತಪ್ಪಿದ್ದು ಪೂರ್ಣಾಂಕದ್ದೇ, ಹೇಳಿಕೊಟ್ಟರೂ ಎಡವಿದೆ, ಇನ್ನೂ ಅಭ್ಯಾಸ ಬೇಕು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಮೊದಲು ‘ಶೇ’ ಅಥವಾ ‘ರೂ’ ಅಥವಾ ‘ಹೌದು/ಇಲ್ಲ’ ಎಂದು ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಅದರಿಂದ ಬಹಳ ಉಪಕಾರವಾಯಿತು.

ಕೃತಜ್ಞತೆಯಿಂದ ರೊಟ್ಟಿಮನೆ ಅಕ್ಕನ ಹೆಸರಿನಲ್ಲಿ ಒಂದು ಪ್ರಶ್ನೆ ಕಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ.

ರೊಟ್ಟಿ ಕೇಂದ್ರದ ಇಂದಿನ ಲಾಭ ನಿನ್ನೆಗಿಂತ ಎಷ್ಟು ರೂಪಾಯಿ ಹೆಚ್ಚು? ಬೆಲೆ, ಬಾಡಿಗೆ, ರೊಟ್ಟಿಯ ವೆಚ್ಚ ಎರಡೂ ದಿನ ಒಂದೇ.
ಹೇಳಿಕೆ 1: ಇಂದು ನಿನ್ನೆಗಿಂತ 50 ರೊಟ್ಟಿ ಹೆಚ್ಚು ಮಾರಾಟವಾದವು.
ಹೇಳಿಕೆ 2: ಒಂದು ರೊಟ್ಟಿಯ ಮಾರಾಟ ಬೆಲೆ ಅದರ ವೆಚ್ಚಕ್ಕಿಂತ 4 ರೂಪಾಯಿ ಹೆಚ್ಚು.

ಬಯಲುಸೀಮೆ
ಎರಡೂ ಸೇರಿದರೆ ಸಾಕು. 200 ರೂಪಾಯಿ. ಬಾಡಿಗೆ ಹೊಡೆದು ಹೋಗುತ್ತದೆ. ಈ ಸಲ ನಾನು ಎಡವಲಿಲ್ಲ.

ಲೆಕ್ಕಪತ್ರ
ನನ್ನದೂ ಅದೇ ಉತ್ತರ. ಪ್ರಶ್ನೆ ಶುದ್ಧವಾಗಿದೆ.

ರೊಟ್ಟಿಮನೆ
ತಂಗಿ, ಪ್ರಶ್ನೆ ಓದಿ ಸಂತೋಷವಾಯಿತು. ಆದರೆ ನೀವು ಮಾರಾಟವಾದದ್ದು ಹೇಳಿದ್ದೀರಿ, ಬಡಿದದ್ದು ಎಷ್ಟು ಎಂದು ಹೇಳಿಲ್ಲ. ನಿನ್ನೆ 540 ಬಡಿದು 540 ಮಾರಿ, ಇಂದು 640 ಬಡಿದು 590 ಮಾರಿದ್ದರೆ? ಕಡಕ್ ರೊಟ್ಟಿಯಾದರೆ ಡಬ್ಬಿಯಲ್ಲಿ ಇಟ್ಟು ವಾರ ಕಳೆದ ಮೇಲೂ ಮಾರುತ್ತೇನೆ. ಮೆತ್ತನೆಯ ರೊಟ್ಟಿ ಮರುದಿನ ಯಾರಿಗೂ ಬೇಡ. ಉಳಿದ ಐವತ್ತರ ಖರ್ಚು 350 ರೂಪಾಯಿ ನನ್ನ ಮೇಲೆಯೇ ಬೀಳುತ್ತದೆ. ಆಗ ಇನ್ನೂರು ಹೆಚ್ಚು ಎಲ್ಲಿಂದ ಬರುತ್ತದೆ? ನೂರೈವತ್ತು ಕಡಿಮೆಯೇ ಆಗುತ್ತದೆ.

ಹಳೆ ಕರಿಹಲಗೆ
ನಾವು ಮೂವರೂ ಇದನ್ನು ಕಾಣಲಿಲ್ಲ. ಈಗಿರುವಂತೆ ಎರಡೂ ಸೇರಿದರೂ ಸಾಲದು.

ತುಂಗಾತೀರ
ಅಕ್ಕಾ, ತಿದ್ದಿದೆ. ಹೇಳಿಕೆ 1 ಈಗ ಹೀಗಿದೆ: ‘ಎರಡೂ ದಿನ ಬಡಿದ ರೊಟ್ಟಿಗಳೆಲ್ಲ ಮಾರಾಟವಾದವು, ಇಂದು ನಿನ್ನೆಗಿಂತ 50 ಹೆಚ್ಚು.’